ಸೋಮವಾರ ಇಳಿಸಿದ ಇಟ್ಟಿಗೆ

ಸರ್ಫರಾಜನ ಎಡತೊಡೆಯ ಎಲುಬು ಮೊದಲ ಸಲ ಕೆಟ್ಟದ್ದು ಗುರುವಾರ, ಎರಡನೇ ಸಲ ಕೆಟ್ಟದ್ದು ಸೋಮವಾರ. ಗುರುವಾರದ್ದಕ್ಕೆ ಟ್ರೇಲರ್ ಕಾರಣ. ಟ್ರೇಲರಿನ ಮೇಲೆ ಸಿಟ್ಟು ಮಾಡಿ ಉಪಯೋಗವಿಲ್ಲ, ಅದಕ್ಕೆ ಕಿವಿಯಿಲ್ಲ. ಸೋಮವಾರದ್ದಕ್ಕೆ ಕಾರಣರಾದವರಿಗೆ ಕಿವಿಯಿತ್ತು. ಆ ಕಿವಿಗೆ ಹಾಕಬೇಕಾದ ಮಾತನ್ನು ಮಾತ್ರ ಯಾರೂ ಹಾಕಿರಲಿಲ್ಲ.

ಅವನು ಸಂಗೊಳ್ಳಿಯ ರಾಮಲಿಂಗಪ್ಪನ ಟ್ರ್ಯಾಕ್ಟರಿಗೆ ಡ್ರೈವರು. ವಯಸ್ಸು ಇಪ್ಪತ್ನಾಲ್ಕು. ಒಂಬತ್ತನೇ ಇಯತ್ತೆಯಲ್ಲಿ ಮಾಸ್ತರರು ‘ನಿನ್ನ ತಲ್ಯಾಗ ಏನೂ ಇಳಿಯೂದಿಲ್ಲ’ ಅಂದ ದಿನ ಪಾಟಿಚೀಲವನ್ನು ಮನೆಯ ಗೂಟಕ್ಕೆ ನೇತು ಹಾಕಿದ. ಅದನ್ನು ಮತ್ತೆ ಇಳಿಸಲಿಲ್ಲ. ಗ್ಯಾರೇಜಿಗೆ ಸೇರಿ ಎರಡು ವರ್ಷದಲ್ಲಿ ಇಂಜಿನ್ನು ಬಿಚ್ಚಿ ಕೂಡಿಸುವುದನ್ನು ಕಲಿತ. ತಲೆಯಲ್ಲಿ ಇಳಿಯುವುದಿಲ್ಲ ಎಂದವರ ಮೋಟರ್‌ಸೈಕಲ್ಲು ಕೆಟ್ಟು ಅದೇ ಗ್ಯಾರೇಜಿಗೆ ಬಂದಾಗ ಇವನೇ ರಿಪೇರಿ ಮಾಡಿ ಕೊಟ್ಟ. ಒಂದು ಮಾತೂ ಆಡಲಿಲ್ಲ. ಅವನ ಸಿಟ್ಟು ಅಂಥದ್ದು. ಹೊರಗೆ ಹೊಗೆ ಕಾಣದು, ಒಳಗೆ ಕೆಂಡ ಆರದು.

ಆ ಗುರುವಾರ ಮುನವಳ್ಳಿ ಕಡೆಯ ಭಟ್ಟಿಯಿಂದ ರಾಮಲಿಂಗಪ್ಪನ ಹೊಸ ಕೊಟ್ಟಿಗೆಗೆ ಇಟ್ಟಿಗೆ ಹೇರಿಕೊಂಡು ಬರುತ್ತಿದ್ದ. ಒಂದು ಮೋರಿಯ ಹತ್ತಿರ ಟ್ರ್ಯಾಕ್ಟರಿಗೆ ಟ್ರೇಲರು ಜೋಡಿಸಿದ ಪಿನ್ನು ಖಟಖಟ ಅಂದಿತು. ಇಳಿದು ನೋಡಲು ಹೋದ. ಪಿನ್ನು ಜಾರಿತು, ಟ್ರೇಲರು ಹಿಂದಕ್ಕೆ ಉರುಳಿತು, ಅವನನ್ನು ಮೋರಿಯ ಕಲ್ಲುಗೋಡೆಗೆ ಒತ್ತಿ ನಿಂತಿತು. ಎಲುಬು ಮುರಿದ ಸಪ್ಪಳ ಅವನಿಗೇ ಕೇಳಿಸಿತು. ಒಣ ಜೋಳದ ದಂಟು ಮುರಿದ ಹಾಗಲ್ಲ, ಹಸಿ ಜಾಲಿಯ ಟೊಂಗೆ ಮುರಿದ ಹಾಗೆ.

ಕೂಡಿದ ಮಂದಿಯಲ್ಲಿ ಒಬ್ಬ, “ಬೆರಳ ಆಡಸು ನೋಡೂಣು” ಅಂದ. ಆಡಿಸಿದ. “ಬೆರಳ ಆಡ್ತಾವ, ಎಲುಬು ಮುರದಿಲ್ಲ ಬಿಡ್ರಿ” ಎಂದು ತೀರ್ಪು ಕೊಟ್ಟ ಅವನು ಬೀಡಿ ಹಚ್ಚಿದ. ಬೆರಳು ಆಡಿಸುವ ನರ ಬೇರೆ, ಮುರಿದ ಎಲುಬು ಬೇರೆ ಎಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ತೊಡೆ ಮಾತ್ರ ನೋಡನೋಡುತ್ತಲೇ ಕುಂಬಳಕಾಯಿಯಷ್ಟು ಊದಿತು. ಹೊರಗೆ ಕಂಡದ್ದು ಕಲ್ಲಿಗೆ ತರಚಿದ ಗಾಯದ ರಕ್ತವಷ್ಟೇ. ಉಳಿದದ್ದು ಒಳಗೇ ಸೋರುತ್ತಿತ್ತು. ಬೈಲಹೊಂಗಲದ ಆಸ್ಪತ್ರೆಯಲ್ಲಿ ಎರಡು ಬಾಟಲಿ ರಕ್ತ ಏರಿಸಿದ ಮೇಲೆಯೇ ಅವನ ತುಟಿಗೆ ಬಣ್ಣ ಬಂದದ್ದು.

ಅದೊಂದು ಖಾಸಗಿ ಆಸ್ಪತ್ರೆ. ಕೆಳಗೆ ಔಷಧಿ ಅಂಗಡಿ, ಮೇಲೆ ಎಂಟು ಕಾಟು. ಎಲುಬಿನ ಡಾಕ್ಟರು ಸುಮೇಧ ಅಂತ, ಬೆಳಗಾವಿಯಿಂದ ಮಂಗಳವಾರ, ಶುಕ್ರವಾರ ಬರುವವರು. ಮರುದಿನ ಶುಕ್ರವಾರ ಬಂದರು. ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿದರು, ಕಂಪೌಂಡರನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದರು, ಆಮೇಲೆ ಇವನ ಕಡೆ ತಿರುಗಿ, “ನಡು ತೊಡಿಯಾಗ ಮುರದೈತಿ. ಒಳಗ ರಾಡ್ ಹಾಕಬೇಕು. ಮ್ಯಾಲಿನ ಗಾಯದಾಗ ಹೊಲಸು ಹೊಕ್ಕೈತಿ, ಈಗ ಹಾಕಿದ್ರ ಅದು ಎಲುಬಿನೊಳಗ ಹೋಗ್ತದ. ಅದು ಒಣಗಲಿ, ಬರೂ ಮಂಗಳವಾರ ಬಿಟ್ಟು ಮುಂದಿನ ಮಂಗಳವಾರ ಮಾಡೂಣು. ಅಲ್ಲೀತನಾ ಕಾಲು ಜಗ್ಗಿ ಇಡಬೇಕು” ಅಂದರು.

ಜಗ್ಗಿ ಇಡುವುದು ಎಂದರೆ ಇದು: ಮೊಣಕಾಲ ಕೆಳಗಿನ ಎಲುಬಿಗೆ ಮರಗಟ್ಟುವ ಸೂಜಿ ಕೊಟ್ಟು ಒಂದು ಉಕ್ಕಿನ ಕಡ್ಡಿಯನ್ನು ಈ ಕಡೆಯಿಂದ ಆ ಕಡೆ ತೂರಿಸಿದರು. ಕಡ್ಡಿಗೆ ಕಮಾನು, ಕಮಾನಿಗೆ ಹಗ್ಗ, ಹಗ್ಗ ಕಾಟಿನ ಕಾಲ್ದೆಸೆಯ ಗಾಲಿಯ ಮೇಲೆ ಹಾದು ಕೆಳಗೆ ಇಳಿದು, ಅದರ ತುದಿಗೆ ಭಾರ. ಆಸ್ಪತ್ರೆಯ ಕಬ್ಬಿಣದ ತೂಕ ಬೇರೆ ಕಾಟಿಗೆ ಹೋಗಿತ್ತು. ಸಿಸ್ಟರ್ ಮಂಜುಳಾ, “ಮೂರ ಇಟ್ಟಂಗಿ ತರ್ರಿ” ಅಂದಳು. ರಾಮಲಿಂಗಪ್ಪ ಅದೇ ಟ್ರೇಲರಿನಿಂದ ಮೂರು ಇಟ್ಟಿಗೆ ತಂದ. ಸರ್ಫರಾಜ ಅವನ್ನು ನೋಡಿ, “ನಾ ತಂದದ್ದು ನನಗ ಕಟ್ಟಿದ್ರಿ” ಅಂದ. ಯಾರೂ ನಗಲಿಲ್ಲ.

“ಇದನ್ನ ಯಾರೂ ತಗೀಬ್ಯಾಡ್ರಿ” ಎಂದು ಮಂಜುಳಾ ಹೇಳಿದಳು. ಹೇಳಿದ್ದು ಅಷ್ಟೇ. ಆಮೇಲೆ ಮುಂದಿನ ಕಾಟಿಗೆ ಹೋದಳು.

ನಾಲ್ಕು ದಿನ ಸರ್ಫರಾಜ ಅಂಗಾತ ಮಲಗಿದ. ಬೆನ್ನು ಹಾಸಿಗೆಗೆ ಅಂಟಿತು. ಕುಂಡಿ ಉರಿಯಿತು. ಕಡ್ಡಿ ಹೊಕ್ಕ ಜಾಗ ಹಗಲಿರುಳು ಜಗ್ಗಿದಂತಾಗುತ್ತಿತ್ತು. ಮಾತಾಡಿಸಲು ಬಂದವರು ಒಂದು ಬ್ರೆಡ್ಡು, ನಾಲ್ಕು ಬಾಳೆಹಣ್ಣು ಇಟ್ಟು, ಇಟ್ಟಿಗೆ ನೋಡಿ ಲೊಚಗುಟ್ಟುತ್ತಿದ್ದರು. ಒಬ್ಬಳು, “ಯವ್ವಾ, ಕಟಕರ ಅಂಗಡಿಯಾಗ ತೂಗಹಾಕಿದಂಗ ಹಾಕ್ಯಾರಲ್ಲ” ಅಂದಳು. ಇನ್ನೊಬ್ಬ, ಕೋಳಿತತ್ತಿ ಹಚ್ಚಿ ಬಿದಿರು ದಬ್ಬೆ ಕಟ್ಟುವವನ ಊರು ಹೇಳಿದ. ಮುರಿದದ್ದು ಕೈಬೆರಳಲ್ಲ, ಇಡೀ ಮೈ ಹೊರುವ ಎಲುಬು ಎಂಬುದು ಅವನ ಲೆಕ್ಕದಲ್ಲಿ ಇರಲಿಲ್ಲ. ಸರ್ಫರಾಜ ಗೋಡೆಯ ಕಡೆ ಮುಖ ಮಾಡುತ್ತಿದ್ದ. ಮೈ ತಿರುಗಿಸಲು ಬಾರದು, ಮುಖ ಒಂದೇ ತಿರುಗುತ್ತಿತ್ತು.

ಸೋಮವಾರ ಬೆಳಗ್ಗೆ ಅವನ ತಾಯಿ ಮಕ್ತುಮಬಿ ಬಟ್ಟೆ ಒಗೆದುಕೊಂಡು ಬರಲು ಊರಿಗೆ ಹೋದಳು. ಅವಳ ಪಾಳಿಗೆ ರಾಮಲಿಂಗಪ್ಪ ಬಂದ. ಸೋಮವಾರ ಅವನಿಗೆ ಹೊಲದ ಕೆಲಸವಿಲ್ಲ. ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಅವನ ಅಪ್ಪ ಇಡಲಿಲ್ಲ, ಅಜ್ಜ ಇಡಲಿಲ್ಲ. ಮೂರು ವರ್ಷದ ಹಿಂದೆ ಎತ್ತು ಮಾರಿ ಟ್ರ್ಯಾಕ್ಟರು ತಂದ ಮೇಲೂ ಸೋಮವಾರ ಅವನ ಹೊಲದಲ್ಲಿ ಚಕ್ರ ಉರುಳುವುದಿಲ್ಲ. ಮೊದಲ ಸೋಮವಾರ ಸರ್ಫರಾಜ ನಕ್ಕಿದ್ದ. “ಕಾಕಾ, ಇದು ಡೀಸೆಲ್ ಕುಡಿಯೂ ಬಸವಣ್ಣ. ಇದಕ್ಕೂ ಸೂಟಿ ಏನ್ರಿ?” ಅಂದಿದ್ದ. “ಅದಕ್ಕಲ್ಲಲೇ ಸರಫ್ಯಾ, ನನ್ನ ಕೈಗೆ ಸೂಟಿ” ಅಂದಿದ್ದ ಮುದುಕ.

ಮುದುಕ ತಲೆಯ ಟೊಪ್ಪಿಗೆ ತೆಗೆದು ಕಿಟಕಿಯಲ್ಲಿಟ್ಟ. ಸ್ಟೂಲಿನ ಮೇಲೆ ಕೂತ. ಅವನ ಕಣ್ಣು ಹಗ್ಗದ ಮೇಲೆಯೇ ಇತ್ತು.

“ರಾತ್ರಿ ನಿದ್ದಿ ಹತ್ತಿತೇನೋ?”

“ಎಲ್ಲೀ ನಿದ್ದಿ ಕಾಕಾ. ಜಗ್ಗತೈತಿ.”

“ಎಷ್ಟ ಹೊತ್ತು ಕಟ್ಟತಾರ ಇದನ್ನ?”

“ಹೊತ್ತೇನು, ಬಿಚ್ಚೂದ ಇಲ್ಲ. ಶುಕ್ರವಾರ ಕಟ್ಟಿದ್ದು.”

“ಹಗಲೂ ರಾತ್ರಿ?”

“ಹಗಲೂ ರಾತ್ರಿ.”

ಹನ್ನೆರಡು ಹೊಡೆದಾಗ ಮುದುಕ ಎದ್ದು ಬಾಗಿಲ ಕಡೆ ನೋಡಿದ. ಮಂಜುಳಾ ಕೆಳಗೆ ಹೋಗಿದ್ದಳು. “ಎಂಥಾ ಕಟುಕ ಇದ್ರೂ ಮಧ್ಯಾಹ್ನ ಎತ್ತಿನ ಕೊಳ್ಳ ಹರಿತಾನ, ನೊಗ ಇಳಿಸಿ ನೀರ ಕುಡಸ್ತಾನ. ಅದ್ರಾಗ ಇವತ್ತ ಸೋಮವಾರ. ಮನಷ್ಯಾನ ಮಗಗ ಇಷ್ಟೂ ಇಲ್ಲಂದ್ರ ಹೆಂಗ?” ಎಂದು ತನ್ನಷ್ಟಕ್ಕೆ ಅಂದುಕೊಂಡಂತೆ ಅಂದು, ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಇಟ್ಟಿಗೆ ಹಿಡಿದು ಇನ್ನೊಂದು ಕೈಯಲ್ಲಿ ಗಂಟು ಬಿಚ್ಚಿದ. ಇಟ್ಟಿಗೆಗಳನ್ನು ಸಪ್ಪಳವಾಗದ ಹಾಗೆ ಕಾಟಿನ ಕೆಳಗೆ ಇಟ್ಟ.

ಸರ್ಫರಾಜ ನೋಡುತ್ತಿದ್ದ. ‘ತಗೀಬ್ಯಾಡ್ರಿ’ ಅಂದದ್ದು ಅವನಿಗೆ ನೆನಪಿತ್ತು. ಬಾಯಿ ಬಿಟ್ಟು ಹೇಳಲು ಒಂದೇ ಮಾತು ಸಾಕಿತ್ತು. ಆದರೆ ಕಡ್ಡಿಯ ಜಗ್ಗಾಟ ನಿಂತೇ ಹೋಯಿತು. ಮೊಣಕೈ ಊರಿ ಮೇಲಕ್ಕೆ ಸರಿದ, ನಾಲ್ಕು ದಿನದ ಮೇಲೆ ಮೊದಲ ಸಲ ಎದ್ದು ದಿಂಬಿಗೆ ಒರಗಿದ. ಮುದುಕ ಬುತ್ತಿ ಬಿಚ್ಚಿ ರೊಟ್ಟಿ, ಪುಂಡಿಪಲ್ಲೆ ಕೊಟ್ಟ. ಕೂತು ಉಂಡ. ಉಂಡು ಹಾಗೇ ನಿದ್ದೆ ಹೋದ. ಆ ಮೂರು ತಾಸಿನ ನಿದ್ದೆಯಂಥ ನಿದ್ದೆಯನ್ನು ಅವನು ಮುಂದೆ ಎಷ್ಟೋ ದಿನ ನೆನೆಸಿಕೊಂಡ, ನೆನೆಸಿದಷ್ಟು ಸಲವೂ ತನ್ನನ್ನೇ ಬೈದುಕೊಂಡ.

ನಾಲ್ಕಕ್ಕೆ ಎಚ್ಚರವಾದದ್ದು ತೊಡೆ ಎಳೆದುಕೊಂಡು. ಯಾರೋ ಒಳಗಿನಿಂದ ಹಿಂಡಿದಂತೆ ತೊಡೆಯ ಮಾಂಸ ಗಕ್ಕನೆ ಗಟ್ಟಿಯಾಗುತ್ತಿತ್ತು, ಬಿಡುತ್ತಿತ್ತು, ಮತ್ತೆ ಗಟ್ಟಿಯಾಗುತ್ತಿತ್ತು. ಐದರ ಬಸ್ಸಿಗೆ ಹೊರಟಿದ್ದ ರಾಮಲಿಂಗಪ್ಪ, “ಹೊರಳಿ ಮಲಕ್ಕೊಂಡಿ, ಅದಕ್ಕ ಹಿಡಕೊಂಡೈತಿ. ಇರಲಿ ಬಿಡು, ಇವತ್ತೊಂದ ದಿನ ಆರಾಮ ತೊಗೊ” ಎಂದು ಟೊಪ್ಪಿಗೆ ಹಾಕಿಕೊಂಡು ಹೋದ. ಆರಕ್ಕೆ ಬಂದ ಮಕ್ತುಮಬಿ ಕೆಳಗಿದ್ದ ಇಟ್ಟಿಗೆ ನೋಡಿ, ಸಿಸ್ಟರೇ ಇಳಿಸಿರಬೇಕು ಅಂದುಕೊಂಡಳು. ಏಳಕ್ಕೆ ಮಂಜುಳಾ ಬಂದಾಗ ಸರ್ಫರಾಜ ಹಲ್ಲು ಕಚ್ಚಿ ಕಾಟಿನ ಸರಳು ಹಿಡಿದಿದ್ದ.

“ಯಾರ್ರೀ ಇದನ್ನ ತಗದವರು?” ಎಂದು ಮಂಜುಳಾ ಕಿರಿಚಿದ್ದಕ್ಕೆ ಎಂಟೂ ಕಾಟಿನವರು ತಿರುಗಿದರು. ಎದುರು ನಿಂತವಳು ಮಕ್ತುಮಬಿ. “ಓದ ಇಲ್ಲ, ಬರಹ ಇಲ್ಲ, ಹೇಳಿದ್ದಾದ್ರೂ ಕೇಳಬಾರದೇನ್ರಿ? ಮಗನ ಕಾಲ ನೀವ ಕೆಡಸ್ತೀರಿ ನೋಡ್ರಿ!” ಎಂದು ಇಟ್ಟಿಗೆಗಳನ್ನು ಮತ್ತೆ ಹಗ್ಗಕ್ಕೆ ಬಿಗಿದಳು.

ಮಕ್ತುಮಬಿ ಮಗನ ಮುಖ ನೋಡಿದಳು. ಮಗ ಗೋಡೆ ನೋಡಿದ. ಅವಳಿಗೆ ಗೊತ್ತಾಯಿತು, ಯಾರದೋ ಕೈ ಇದರಲ್ಲಿದೆ, ಮಗನಿಗೆ ಹೇಳಲು ಮನಸ್ಸಿಲ್ಲ. “ತಪ್ಪಾತ್ರಿ ಸಿಸ್ಟರ್” ಅಂದಳು. ಮರುದಿನ ಡಾಕ್ಟರು ಕೇಳಿದಾಗಲೂ ಅದನ್ನೇ ಅಂದಳು. “ನಾನ ತಗದ್ನಿರಿ ಸಾಹೇಬ್ರ. ನೋಡಾಕ ಆಗಲಿಲ್ಲ.”

ಡಾಕ್ಟರು ಬೈಯಲಿಲ್ಲ. ಟೇಪು ಹಿಡಿದು ಸೊಂಟದ ಎಲುಬಿನಿಂದ ಹಿಮ್ಮಡದ ಗಂಟಿನ ತನಕ ಎರಡೂ ಕಾಲು ಅಳೆದರು. ಹೊಸ ಎಕ್ಸ್‌ರೇ ಕಿಟಕಿಗೆ ಹಿಡಿದರು. ಈ ಸಲ ಸರ್ಫರಾಜನೂ ನೋಡಿದ. ಒಡೆದ ಎರಡು ತುಂಡುಗಳು ತುದಿಗೆ ತುದಿ ಇರಲಿಲ್ಲ. ಕೆಳಗಿನದು ಮೇಲಿನದರ ಬಗಲಿಗೆ ಏರಿ ಕೂತಿತ್ತು.

“ಎರಡು ಬೆರಳು ಗಿಡ್ಡ ಆಗೈತಿ. ಇನ್ನೊಂದ ಇಟ್ಟಂಗಿ ಏರಸ್ರಿ. ಮಂಗಳವಾರದೊಳಗ ಇಳೀತು ಅಂದ್ರ ಸೊಂಟದ ಕಡಿಯಿಂದ ಸಣ್ಣ ತೂತು ಮಾಡಿ ರಾಡ್ ಇಳಸ್ತೇನಿ. ಇಳೀಲಿಲ್ಲ ಅಂದ್ರ ಗೇಣುದ್ದ ತೊಡಿ ಸೀಳಿ, ಖಂಡ ಬಿಡಿಸಿ ಕೂಡಸಬೇಕು. ಅಷ್ಟ ಮಾಡಿದ್ರೂ ಉದ್ದ ಪೂರಾ ಸಿಗತದ ಅಂತ ಹೇಳಾಕ ಆಗೂದಿಲ್ಲ.”

“ಗಿಡ್ಡ ಉಳದ್ರ?”

“ಕುಂಟತೀ. ನಡೀಲಿಕ್ಕೇನೂ ತೊಂದರಿ ಇಲ್ಲ.”

ನಡೆಯಲಿಕ್ಕೆ ತೊಂದರೆ ಇಲ್ಲವಂತೆ. ಸರ್ಫರಾಜ ತಾರಸಿ ನೋಡಿದ. ಎಡಗಾಲು ಕ್ಲಚ್ಚಿನ ಕಾಲು. ರಾಮಲಿಂಗಪ್ಪನ ಟ್ರ್ಯಾಕ್ಟರಿನ ಕ್ಲಚ್ಚು ಹಳೆಯದು, ತಳ ಮುಟ್ಟುವ ತನಕ ಒತ್ತಬೇಕು. ಸೀಟಿನಲ್ಲಿ ಕೂತು ಎರಡು ಬೆರಳು ಕಮ್ಮಿ ಒತ್ತಿದರೆ ಗೇರಿನ ಹಲ್ಲು ಹಲ್ಲಿಗೆ ಕಡಿಯುತ್ತದೆ. ಕಬ್ಬು ಹೇರಿದ ಎರಡು ಟ್ರೇಲರು ಹಿಂದಿದ್ದಾಗ ಏರಿನಲ್ಲಿ ಗೇರು ಬೀಳದಿದ್ದರೆ ಏನಾಗುತ್ತದೆಂದು ಡಾಕ್ಟರಿಗೆ ಗೊತ್ತಿಲ್ಲ. ಕುಂಟನಿಗೆ ಯಾರೂ ಗಾಡಿಯ ಕೀಲಿ ಕೊಡುವುದಿಲ್ಲ ಎಂಬುದೂ ಗೊತ್ತಿಲ್ಲ. ಇವನಿಗೆ ಬರುವ ಕೆಲಸ ಅದೊಂದೇ ಎಂಬುದಂತೂ ಗೊತ್ತೇ ಇಲ್ಲ.

ಡಾಕ್ಟರು ಹೋದ ಮೇಲೆ ಮಂಜುಳಾ ನಾಲ್ಕನೇ ಇಟ್ಟಿಗೆ ಬಿಗಿಯಲು ಬಂದಳು. ಅದು ಆಸ್ಪತ್ರೆಯ ಹಿತ್ತಲಿನದು, ಅರ್ಧ ಒಡೆದದ್ದು.

“ಸಿಸ್ಟರ್, ಇದನ್ನ ಯಾಕ ಕಟ್ಟತೀರಿ?”

“ಈಗ ಕೇಳ್ತೀ? ತಗೀಬ್ಯಾಡ್ರಿ ಅಂತ ಮೊದಲ ಹೇಳೇನಿ.”

“ತಗೀಬ್ಯಾಡ ಅಂದ್ರಿ. ಯಾಕ ತಗೀಬಾರದು ಅಂತ ಯಾರ ಹೇಳಿದ್ರಿ?” ಅವನ ದನಿ ಏರಲಿಲ್ಲ, ಗಟ್ಟಿಯಾಯಿತು. “ಗ್ಯಾರೇಜಿನ್ಯಾಗ ಹೊಸ ಹುಡುಗ ಬಂದ್ರ ನಾ ಒಂದು ನಟ್ ಬಿಗೀಲಿಕ್ಕ ಹಚ್ಚಿದ್ರೂ ಯಾತಕ್ಕ ಬಿಗೀಬೇಕು ಅಂತ ಹೇಳತೇನಿ. ನನ್ನ ಕಾಲ ಇದು. ನನಗ ಒಬ್ರೂ ಹೇಳಿಲ್ಲ. ಓದ ಇಲ್ಲ ಬರಹ ಇಲ್ಲ ಅಂತ ನಮ್ಮ ಅಮ್ಮಗ ಅಂದ್ರಿ. ಓದಿದವರು ಬಾಯಾಗ ಏನ ಇಟಗೊಂಡಿದ್ರಿ?”

ಮಂಜುಳಾ ಬೈಯಲಿಲ್ಲ. ಹಗ್ಗ ಬಿಗಿದು, ಕೈ ಒರೆಸಿಕೊಂಡು ಕಾಟಿನ ಅಂಚಿಗೆ ಕೂತಳು.

“ನೋಡು, ತೊಡಿ ಖಂಡ ಮೈಯಾಗಿನ ಎಲ್ಲಾ ಖಂಡಕ್ಕಿಂತ ಜೋರಿಂದು. ಅದು ಯಾವಾಗ್ಲೂ ಬಿಗದ ಇರತೈತಿ. ನಡುವ ಎಲುಬು ಗಟ್ಟಿ ನಿಂತಿರತೈತಿ ಅಂತ ಸುಮ್ನಿರತೈತಿ. ಎಲುಬ ಮುರೀತು ಅಂದ್ರ ಅದನ್ನ ತಡಿಯೂದು ಏನೂ ಇಲ್ಲ. ಕೆಳಗಿನ ತುಂಡನ್ನ ಮ್ಯಾಲಕ್ಕ ಎಳಕೋತೈತಿ. ಮುರಕ ತುದಿ ಖಂಡಕ್ಕ ಚುಚ್ಚತೈತಿ. ಚುಚ್ಚಿದಷ್ಟೂ ಖಂಡ ಇನ್ನಷ್ಟ ಬಿಗೀತೈತಿ. ನಿನ್ನಿ ಸಂಜಿಮುಂದ ನಿನಗ ಹಿಂಡಿದಂಗ ಆತಲ್ಲ, ಅದ ಇದು. ಇಟ್ಟಂಗಿ ಆ ಖಂಡದ ಜೋಡಿ ಜಗ್ಗಾಟಕ್ಕ ಬಿದ್ದೈತಿ. ಇಟ್ಟಂಗಿ ಸೋಲಬಾರದು. ಅರ್ಧಾ ತಾಸು ತಗದ್ರೂ ಖಂಡ ಗೆಲ್ಲತೈತಿ.”

ಸರ್ಫರಾಜ ಗಾಲಿಯ ತನಕ ಹಗ್ಗದ ಮೇಲೆ ಕಣ್ಣಾಡಿಸಿದ. “ಇಷ್ಟ?” ಅಂದ.

“ಇಷ್ಟ.”

“ಇದನ್ನ ಹೇಳಾಕ ನಿಮಗ ಎರಡ ನಿಮಿಷ ಹತ್ತಿಲ್ಲ.”

ಅವಳು ಗಂಟನ್ನು ಇನ್ನೊಮ್ಮೆ ಜಗ್ಗಿ ನೋಡಿ ಎದ್ದಳು. ಸಂಜೆ ಹೋಗುವಾಗ ಮಕ್ತುಮಬಿಯ ಹತ್ತಿರ ನಿಂತು, “ಚಾ ಕುಡದ್ರಿ?” ಎಂದು ಕೇಳಿದಳು. ಕ್ಷಮೆ ಕೇಳುವ ರೂಢಿ ಇಲ್ಲದವರು ಕೇಳುವುದು ಹಾಗೆಯೇ.

ಬುಧವಾರ ಬೆಳಗ್ಗೆ ಸರ್ಫರಾಜ ಮುದುಕನಿಗೆ ಫೋನು ಹಚ್ಚಿದ. ಏನೂ ಹೇಳದೆ, “ಬರ್ರಿ ಕಾಕಾ” ಅಂದ. ದನಿ ಕೇಳಿಯೇ ರಾಮಲಿಂಗಪ್ಪ ಒಂಬತ್ತರ ಬಸ್ಸು ಹಿಡಿದು ಬಂದ. ಕಾಟಿನ ಬಳಿ ನಿಂತದ್ದೇ ತಡ, ಎರಡು ದಿನ ಒಳಗೆ ಕುದ್ದದ್ದೆಲ್ಲ ಹೊರಗೆ ಬಂತು.

“ನಿಮ್ಮ ಸೋಮವಾರ ನನ್ನ ಕಾಲ ತಿಂತು, ಕಾಕಾ! ಎರಡ ಬೆರಳ ಗಿಡ್ಡ ಆಗೈತಿ. ಕ್ಲಚ್ ಮುಟ್ಟೂದಿಲ್ಲ ಇನ್ನ. ಬ್ಯಾರೆ ಡ್ರೈವರನ್ನ ನೋಡಕೋರಿ.”

“ಏನಂತೀ?”

“ಈ ಇಟ್ಟಂಗಿ ಹೇರಿದ ಭಾರ ಅಲ್ಲರಿ. ನೀವು ನೊಗ ಅಂದಕೊಂಡ್ರಿ. ಇದು ನೊಗ ಅಲ್ಲ, ಮೂಗದಾಣ! ಎತ್ತು ಒಳಗ ಅದಾವು, ನನ್ನ ತೊಡಿಯಾಗ. ಸೊಕ್ಕಿದ ಎತ್ತು. ಎಲುಬ ಮುರದ ಮ್ಯಾಲ ಅವಕ್ಕ ತಡೀನ ಇಲ್ಲ, ಮ್ಯಾಲಕ್ಕ ಎಳಕೊಂಡ ಹೊಂಟಾವು. ಈ ಹಗ್ಗ ಅವನ್ನ ಹಿಡದಿತ್ತು. ನೀವು ಹಗ್ಗ ಬಿಟ್ರಿ.”

ಮುದುಕ ಸ್ಟೂಲಿನ ಮೇಲೆ ಕೂತ. ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ತೊಡೆ ನೋಡಿದ, ಹಗ್ಗ ನೋಡಿದ, ಗಾಲಿ ನೋಡಿದ, ಇಟ್ಟಿಗೆ ನೋಡಿದ. ಅರವತ್ತು ವರ್ಷ ದನ ಕಟ್ಟಿದವನ ಕಣ್ಣಿಗೆ ಅದು ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ.

“ಎತ್ತು ಏರಿಗೆ ಎಳೀತು, ಕ್ವಾಣ ನೀರಿಗೆ ಎಳೀತು” ಅಂದ. ಆಮೇಲೆ, “ನಾನು ಕ್ವಾಣನ ಹಗ್ಗ ಬಿಚ್ಚಿದ್ನಿ ಅನ್ನು” ಅಂದ.

“ನಾನೂ ನೋಡಕೋತ ಮಲಗಿದ್ನಿ ಬಿಡ್ರಿ” ಎಂಬ ಮಾತು ಸರ್ಫರಾಜನ ನಾಲಿಗೆಯ ತುದಿಗೆ ಬಂತು. ಅವನು ಅದನ್ನು ನುಂಗಿದ. ಎರಡನೇ ಸಲ ನುಂಗಿದ್ದು.

ಮುದುಕ ಎದ್ದು ನೇರ ಮಂಜುಳಾಳ ಮೇಜಿಗೆ ಹೋದ. “ಬಾಯಾರ, ಮಕ್ತುಮಬಿ ತಗದಿಲ್ಲರಿ. ಸೋಮವಾರ ನಾ ಬಿಚ್ಚೇನಿ. ಬರಕೊಳ್ಳೂದಿದ್ರ ನನ್ನ ಹೆಸರ ಬರಕೋರಿ” ಅಂದ. ಮಕ್ತುಮಬಿ ಬಾಗಿಲಲ್ಲಿ ನಿಂತು, “ಇರಲಿ ಬಿಡ್ರಿ ಅಣ್ಣಾರ, ಆದದ್ದ ಆತು” ಅಂದಳು. ಆಗ ಕಾಟಿನಿಂದ ಕೂಗು ಬಂತು. “ಅವರೊಬ್ಬರ ಅಲ್ಲರಿ ಸಿಸ್ಟರ್. ನಾ ಎಚ್ಚರ ಇದ್ನಿ. ಬ್ಯಾಡ ಅನ್ನಲಿಲ್ಲ.” ಎಂಟೂ ಕಾಟಿನವರು ಮತ್ತೆ ತಿರುಗಿದರು. ಸರ್ಫರಾಜನ ಮುಖ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು.

ಮಧ್ಯಾಹ್ನದ ಹೊತ್ತಿಗೆ ರಾಮಲಿಂಗಪ್ಪ ಊರಿಗೆ ಹೋಗಿ ಬಂದ. ಚೀಲದಲ್ಲಿ ಒಂದು ಇಡೀ ಇಟ್ಟಿಗೆ ಇತ್ತು. ಅರ್ಧ ಒಡೆದದ್ದನ್ನು ತೆಗೆಸಿ ಇದನ್ನು ಕಟ್ಟಿಸಿದ. ಮಂಜುಳಾ ಬಿಚ್ಚಿ ಕಟ್ಟುವಷ್ಟು ಹೊತ್ತು ಉಳಿದ ಮೂರರ ಹಗ್ಗವನ್ನು ತಾನೇ ಬಿಗಿಯಾಗಿ ಹಿಡಿದು ನಿಂತ.

ಶುಕ್ರವಾರದ ಎಕ್ಸ್‌ರೇಯಲ್ಲಿ ತುಂಡು ಒಂದು ಬೆರಳು ಇಳಿದಿತ್ತು. ಇನ್ನೊಂದು ಬೆರಳು ಉಳಿದಿತ್ತು. ಗಾಯ ಒಣಗುತ್ತ ಬಂದಿತ್ತು. ಶನಿವಾರ, ರವಿವಾರ ಮಂಜುಳಾ ಬೆಳಗ್ಗೆ ಬೆಳಗ್ಗೆ ಟೇಪು ಹಿಡಿದಳು. “ಅರ್ಧಾ ಬೆರಳಿಗಿ ಬಂತು ನೋಡು” ಎಂದು ರವಿವಾರ ಹೇಳಿದಳು. ಕೇಳದೆಯೇ ಹೇಳಿದಳು.

ಮತ್ತೆ ಸೋಮವಾರ ಬಂತು. ಮರುದಿನ ಆಪರೇಶನ್ನು.

ಮಕ್ತುಮಬಿ ಬಟ್ಟೆಯ ಗಂಟು ಹೊತ್ತು ಊರಿಗೆ ಹೋದಳು. ರಾಮಲಿಂಗಪ್ಪ ಬಂದು ಸ್ಟೂಲನ್ನು ಕಾಲ್ದೆಸೆಗೆ ಎಳೆದುಕೊಂಡು, ಇಟ್ಟಿಗೆಗೆ ಮೊಣಕಾಲು ತಾಗದಷ್ಟು ದೂರ ಬಿಟ್ಟು ಕೂತ. ಹತ್ತು ಗಂಟೆಗೆ ಸರ್ಫರಾಜನ ಫೋನು ರಿಂಗಾಯಿತು. ಕಟಕೋಳದ ಜಮಾಲಸಾಬ. ಹಳೆಯ ಲಾರಿ ಡ್ರೈವರು, ಅವನ ಮಗಳು ನಾಜಿಮಾಳಿಗೂ ಸರ್ಫರಾಜನಿಗೂ ಮದುವೆಯ ಮಾತುಕತೆ ಮುಗಿದು ತಾರೀಖು ಹಿಡಿಯುವುದೊಂದು ಬಾಕಿ ಇತ್ತು. “ನಾಕಕ್ಕ ಬರತೇನಿ” ಎಂದು ಫೋನಿಟ್ಟ.

ಸರ್ಫರಾಜ ಗಡ್ಡ ಸವರಿಕೊಂಡ. ಹನ್ನೊಂದು ದಿನದ ಗಡ್ಡ. ಚಾದರ ಎಳೆದ, ಕಾಲು ಮುಚ್ಚಲಿಲ್ಲ. ಕಮಾನಿನ ಮೇಲೆ ಚಾದರ ಡೇರೆಯ ಹಾಗೆ ನಿಂತಿತು. ಮೂರೂವರೆಗೆ ಅಂದ, “ಕಾಕಾ.”

“ಹೂಂ.”

“ಅರ್ಧಾ ತಾಸು ಇಳಸ್ರಿ.”

ಮುದುಕ ಕೇಳಿಸದವನ ಹಾಗೆ ಕೂತ.

“ಅರ್ಧಾ ತಾಸು ಅಷ್ಟ. ಎದ್ದು ಕುಂದರತೇನಿ. ಅವರು ಬಂದು ಹೋದಕೂಡಲೆ ಕಟ್ಟೂಣು. ಹಿಂಗ ಬಿದ್ದದ್ದನ್ನ ನೋಡಿದ್ರ ಅವರು ಏನ ಅನಬೇಕು?”

“ಬಿದ್ದಾನ ಅಂತಾರ. ಬಿದ್ದೀಯಲ್ಲ.”

“ಕಾಕಾ, ಇವತ್ತ ಸೋಮವಾರ ಅಲ್ಲೇನ್ರಿ?”

ಮುದುಕನ ಕತ್ತು ಒಮ್ಮೆ ಈ ಕಡೆ ಹೊರಳಿತು. ಅವನು ಹುಟ್ಟಿದಾಗಿನಿಂದ ಆ ಮಾತಿಗೆ ಒಂದೇ ಉತ್ತರ ಇತ್ತು. ಅವನ ಮಗಳು ಹೆರಿಗೆಗೆ ಹೋಗಬೇಕಾದ ಸೋಮವಾರವೂ ಬಂಡಿ ಹೂಡದೆ ನೆರೆಮನೆಯ ಜೀಪು ಕೇಳಿ ಕಳಿಸಿದ್ದ.

“ಸೋಮವಾರ” ಅಂದ. “ಇದ್ರ ಇರಲಿ. ಬಿಚ್ಚೂದಿಲ್ಲ.”

“ನನ್ನ ಕಾಲ, ನಾ ಹೇಳತೇನಿ ಬಿಚ್ಚರಿ.”

“ನಿನ್ನ ಕಾಲ ಖರೆ. ಹಗ್ಗ ನನ್ನ ಕೈಯಾಗೈತಿ.”

“ಮುದುಕಾ! ಅವತ್ತ ಕೇಳದ ಬಿಚ್ಚಿದಿ, ಇವತ್ತ ಬೇಡಿಕೊಂಡ್ರೂ ಬಿಚ್ಚವಲ್ಲಿ. ನಿನ್ನ ದೇವರ ದಿನ ನಿನಗ ಬೇಕಾದಾಗ ಅಷ್ಟ ಬರತೈತೇನು?”

ಏಕವಚನ ಬಿದ್ದದ್ದಕ್ಕೆ ಪಕ್ಕದ ಕಾಟಿನವನು ಎದ್ದು ಕೂತ. ರಾಮಲಿಂಗಪ್ಪ ಅಲುಗಲಿಲ್ಲ. “ಬೈಯಿ, ಬೈಯಿ. ಬೈದ್ರ ಖಂಡ ಸಡಲ ಆಗತೈತಿ ಅಂದ್ರ ಇನ್ನಾ ನಾಕ ಬೈಯಿ” ಅಂದ. ಸರ್ಫರಾಜ ಬೈದ. ತನಗೆ ಗೊತ್ತಿದ್ದದ್ದನ್ನೆಲ್ಲ ಬೈದ. ಗ್ಯಾರೇಜಿನಲ್ಲಿ ಕಲಿತದ್ದು ತೀರಿತು, ಲಾರಿ ಸ್ಟ್ಯಾಂಡಿನಲ್ಲಿ ಕಲಿತದ್ದೂ ತೀರಿತು. ಕಣ್ಣಂಚಿನಿಂದ ನೀರು ಕಿವಿಯೊಳಗೆ ಇಳಿಯಿತು. ಅಂಗಾತ ಮಲಗಿದವನ ಕಣ್ಣೀರಿಗೆ ಬೇರೆ ದಾರಿ ಇಲ್ಲ.

ನಾಲ್ಕಕ್ಕೆ ಜಮಾಲಸಾಬ ಬಂದ. ಸಲಾಮು ಹೇಳಿದ, ಸೇಬಿನ ಚೀಲ ಇಟ್ಟ. ಅವನ ಕಣ್ಣು ಮುಖದ ಮೇಲೆ ಅರೆಕ್ಷಣ ನಿಂತು ಕಾಲಿಗೆ ಇಳಿಯಿತು. ಡ್ರೈವರಿನ ಕಣ್ಣು.

“ಎಡಗಾಲೇನು?”

“ಹೂಂ ಚಾಚಾ.”

“ಕ್ಲಚ್ಚಿಂದು” ಅಂದ ಜಮಾಲಸಾಬ. ಮತ್ತೇನೂ ಕೇಳಲಿಲ್ಲ. ಬಗ್ಗಿ ಇಟ್ಟಿಗೆ ನೋಡಿದ. “ಇದೇನ್ರಿ, ಇಷ್ಟ ಭಾರ ಹಾಕ್ಯಾರ? ನೋಡಿದ್ರ ಎದಿ ಝಲ್ ಅಂತದ. ಸ್ವಲ್ಪರ ಎತ್ತಿ ಹಿಡೀರಿ ಅಣ್ಣಾರ, ನಾ ಇರೂತನಾ.” ಅವನೇ ಕೈ ಹಾಕಲು ಹೋದ.

ರಾಮಲಿಂಗಪ್ಪ ಅವನ ಮಣಿಕಟ್ಟು ಹಿಡಿದ. ಮೆತ್ತಗೆ ಹಿಡಿದ, ಬಿಡಲಿಲ್ಲ. “ಮುಟ್ಟಬ್ಯಾಡ್ರಿ. ಕುಂದರ್ರಿ, ಹೇಳತೇನಿ” ಅಂದ. ಎತ್ತು, ಹಗ್ಗ, ಮೂಗದಾಣ, ಕ್ವಾಣ ಎಲ್ಲ ಹೇಳಿದ. ಸರ್ಫರಾಜ ತನಗೆ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದ. “ಯಾಕ ಅನ್ನೂದು ಗೊತ್ತಿರದ ನಾ ಒಂದ ಸಲ ಬಿಚ್ಚಿ ಎರಡ ಬೆರಳ ಕಳದೇನಿ. ಒಂದೂವರಿ ಬೆರಳ ತಿರುಗಿ ಬಂದೈತಿ. ಅರ್ಧಾ ಉಳದೈತಿ. ಅದನ್ನ ಕಾಯಾಕ ಕುಂತೇನಿ.”

ಜಮಾಲಸಾಬ ಕೈ ಹಿಂದೆ ಕಟ್ಟಿಕೊಂಡು ಕೇಳಿದ. ಹೋಗುವಾಗ ಸರ್ಫರಾಜನ ಭುಜ ಒತ್ತಿ, “ನಿಂತ ಮ್ಯಾಲ ಫೋನ ಹಚ್ಚು” ಅಂದ. ಅದರಲ್ಲಿ ಹೂಂ ಇತ್ತೋ ಊಹೂಂ ಇತ್ತೋ ಸರ್ಫರಾಜನಿಗೆ ತಿಳಿಯಲಿಲ್ಲ. ನಿಲ್ಲದೆ ತಿಳಿಯುವುದೂ ಇಲ್ಲ.

ಅವತ್ತು ಐದರ ಬಸ್ಸು ಹೋಯಿತು, ಏಳರದ್ದೂ ಹೋಯಿತು. ಮಕ್ತುಮಬಿ ಬಂದ ಮೇಲೂ ರಾಮಲಿಂಗಪ್ಪ ಸ್ಟೂಲು ಬಿಡಲಿಲ್ಲ.

ಮಂಗಳವಾರ ಹನ್ನೊಂದಕ್ಕೆ ಒಳಗೆ ಒಯ್ದರು. ಕಾಟಿನಿಂದ ತಳ್ಳುಗಾಡಿಗೆ ಹೊರಳಿಸುವಾಗ ಮಂಜುಳಾ ಹಗ್ಗವನ್ನು ಕೈಯಲ್ಲಿ ಜಗ್ಗಿ ಹಿಡಿದೇ ನಡೆದಳು. ಎರಡು ತಾಸಿನ ಮೇಲೆ ಡಾಕ್ಟರು ಮುಖಗವಸು ಇಳಿಸಿಕೊಂಡು ಹೊರಗೆ ಬಂದರು. ಮಕ್ತುಮಬಿ ಎದ್ದಳು, ಮುದುಕ ಏಳಲಿಲ್ಲ.

“ಸೀಳಲಿಲ್ಲ. ಸಣ್ಣ ತೂತಿನ್ಯಾಗ ಆತು” ಅಂದರು. ಈ ಸಲ ಅವರೇ ನಿಂತು, ಕೈಬೆರಳು ಚಾಚಿ, ಪೆನ್ನು ಹಿಡಿದು, ಎಲುಬಿನ ಪೊಳ್ಳಿನಲ್ಲಿ ರಾಡು ಹೇಗೆ ಕೂತಿದೆ, ಮೇಲೆ ಕೆಳಗೆ ತಿರುಪು ಯಾಕೆ ಹಾಕಿದೆ ಎಂದು ತೋರಿಸಿದರು. ಮಂಜುಳಾ ಹಿಂದೆ ನಿಂತಿದ್ದಳು. ಡಾಕ್ಟರಿಗೆ ಹಾಗೆ ಹೇಳಲು ಹೇಳಿದವರು ಯಾರೆಂದು ಯಾರೂ ಕೇಳಲಿಲ್ಲ.

ಮೂರನೇ ದಿನ ಸರ್ಫರಾಜನಿಗೆ ನಾಲ್ಕು ಕಾಲಿನ ವಾಕರು ಕೊಟ್ಟು ನಿಲ್ಲಿಸಿದರು. ತಲೆ ತಿರುಗಿತು. ಸರಳು ಹಿಡಿದ ಗೆಣ್ಣು ಬೆಳ್ಳಗಾದವು. ಮಂಜುಳಾ ಕೆಳಗೆ ನೋಡುವ ಮೊದಲೇ ರಾಮಲಿಂಗಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ಸಂತೆ‌ಯಲ್ಲಿ ಎತ್ತು ಕೊಳ್ಳುವವನು ಗೊರಸು ನೋಡುವ ಹಾಗೆ ನೆಲಕ್ಕೆ ಕೆನ್ನೆ ತಾಗಿಸಿ ಎರಡೂ ಹಿಮ್ಮಡ ನೋಡಿದ.

“ಊರ್ಯಾವು” ಅಂದ. “ಎರಡೂ ನೆಲಕ್ಕ ಊರ್ಯಾವು.”

ಮಂಜುಳಾ ಮಲಗಿಸಿ ಟೇಪು ಹಿಡಿದಳು. “ಒಂದ ಜ್ವಾಳದ ಕಾಳಿನಷ್ಟ ಫರಕ. ಅಷ್ಟ ಎಲ್ಲಾರ ಕಾಲಾಗೂ ಇರತೈತಿ.”

ಮಕ್ತುಮಬಿ ಸೆರಗಿನಿಂದ ಕಣ್ಣೊರೆಸಿಕೊಂಡು ಫೋನು ತೆಗೆದುಕೊಂಡು ಹೊರಗೆ ಹೋದಳು. ಕಟಕೋಳಕ್ಕೆ ಹಚ್ಚಿದಳು ಎಂದು ಅವಳ ದನಿಯಿಂದಲೇ ಗೊತ್ತಾಯಿತು.

ಮೊಣಕಾಲು ಮಡಿಸುವುದು, ತೊಡೆ ಬಿಗಿಯುವುದು, ಕಾಲು ಎತ್ತಿ ಹಿಡಿಯುವುದು, ದಿನಕ್ಕೆ ನಾಲ್ಕು ಸಲ ಎಂದು ಮಂಜುಳಾ ಹೇಳಿದಳು. ಯಾಕೆಂದೂ ಹೇಳಿದಳು. ಹನ್ನೆರಡು ದಿನ ಸೊಕ್ಕಿ ಎಳೆದ ಖಂಡ ಈಗ ಸೊರಗಿ ಹೋಗುತ್ತದೆ, ಮತ್ತೆ ಅದನ್ನೇ ಬೆಳೆಸಬೇಕು, ಎಲುಬು ಕೂಡಲು ನಾಲ್ಕು ತಿಂಗಳಾದರೂ ಬೇಕು, ಅಲ್ಲಿಯ ತನಕ ಕ್ಲಚ್ಚಿನ ಹೆಸರು ಎತ್ತಬಾರದು.

“ಸೋಮವಾರ ಸೂಟಿ ಐತೇನ್ರಿ ಸಿಸ್ಟರ್?” ಎಂದು ಸರ್ಫರಾಜ ಕೇಳಿದ. ಇಟ್ಟಿಗೆ ಕಟ್ಟಿದ ದಿನದಿಂದೀಚೆಗೆ ಅವನು ಆಡಿದ ಮೊದಲ ತಮಾಷೆ.

ರಾಮಲಿಂಗಪ್ಪ ಕಾಟಿನ ಕೆಳಗಿನ ನಾಲ್ಕು ಇಟ್ಟಿಗೆಗಳನ್ನು ಒಂದೊಂದಾಗಿ ಧೂಳು ಕೊಡವಿ ಚೀಲಕ್ಕೆ ಹಾಕುತ್ತಿದ್ದ. ತಲೆ ಎತ್ತದೆ ಅಂದ:

“ನಿನಗಿಲ್ಲ. ಟ್ರ್ಯಾಕ್ಟರಿಗೈತಿ.”